ಹತ್ತು ದಿನ ಕಾಣುವಂತೆ

ಮಾರ್ಚ್ 3, ಸೋಮವಾರ

ಕೊಡುತ್ತೇವೆ ಅಂದದ್ದು: ಮೂರು ವರ್ಷದ ಕೆಲಸ. ಮೊದಲ ವರ್ಷ ಮುಗಿಯುವ ಮುಂಚೆ ವಿಶ್ವವಿದ್ಯಾಲಯವೇ ಅರ್ಜಿದಾರನಾಗಿ ನಿಂತು ನನ್ನ ಕೆಲಸದ ವೀಸಾ ಮಾಡಿಸುವುದು. ಅದು ಬಂದ ಮೇಲೆ ನನ್ನ ಗಂಡನಿಗೂ ದುಡಿಯುವ ಪರವಾನಗಿ. ಕಿಟಕಿಯ ಪಕ್ಕ ಒಂದು ಮೇಜು.

ಕೊಟ್ಟದ್ದು: ಮೇಜು. ಕಿಟಕಿ ಇಲ್ಲ.

ಈಗಿರುವ ವೀಸಾ ಇದೇ ತಿಂಗಳು ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಅರ್ಜಿ ಹೋಗಿದ್ದರೆ ಸರಿ. ಹೋಗದಿದ್ದರೆ ಮೂವತ್ತು ದಿನ ಈ ದೇಶದಲ್ಲಿ ಉಸಿರಾಡಬಹುದು, ಕೆಲಸ ಮುಟ್ಟುವಂತಿಲ್ಲ. ಮೂವತ್ತೊಂದನೆಯ ದಿನ ಗಂಡ, ಮಗಳು, ನಾನು ಗಂಟುಮೂಟೆ ಕಟ್ಟಬೇಕು. ಅರ್ಜಿ ಹಾಕುವ ಹಕ್ಕು ನನಗಿಲ್ಲ. ಕೆಲಸ ಕೊಟ್ಟವರೇ ಹಾಕಬೇಕು. ನವೆಂಬರಿನಿಂದ ಇವತ್ತಿನವರೆಗೆ ನಾಲ್ಕು ಸಲ ವೀಸಾ ವಿಭಾಗದ ಮೆಟ್ಟಿಲು ಹತ್ತಿದ್ದೇನೆ. ಅಲ್ಲಿ ಕೂತಿರುವ ಅಧಿಕಾರಿಗೆ ನಾವೆಲ್ಲ ಇಟ್ಟ ಹೆಸರು ಕಡತದಮ್ಮ. ನಾಲ್ಕು ಸಲವೂ ಆಕೆ ಹೇಳಿದ್ದು ಒಂದೇ ಮಾತು: "ಪ್ರೋಸೆಸ್‌ನಲ್ಲಿದೆ ಮೇಡಂ."

ಈ ನೋಟ್‌ಬುಕ್ ಇವರು ತಂದುಕೊಟ್ಟದ್ದು. "ಏನೇ, ಸಿಟ್ಟು ಬಂದಾಗ ಯಾರಿಗೂ ಮೇಲ್ ಬರೀಬೇಡ. ಇದರಲ್ಲಿ ಬರಿ. ಇದಕ್ಕೆ ಸೆಂಡ್ ಬಟನ್ ಇಲ್ಲ." ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮನುಷ್ಯ. ಇಲ್ಲಿ ಇವರ ವೀಸಾದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ: ಅವಲಂಬಿತ, ಕೆಲಸ ನಿಷಿದ್ಧ. ಕೈ ಸುಮ್ಮನಿರದೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಕರಿಹಲಗೆಯ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದಾರೆ. ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದು ಓದುವಾಗಲೆಲ್ಲ ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿಡುತ್ತೇನೆ.

ಮಾರ್ಚ್ 4, ಮಂಗಳವಾರ

ನಮ್ಮ ಪ್ರೊಫೆಸರರನ್ನು ಪ್ರಯೋಗಾಲಯದಲ್ಲಿ ಎಲ್ಲರೂ ದೊಡ್ಡವರು ಅನ್ನುತ್ತೇವೆ. ಕೊನೆಗೂ ಇವತ್ತು ಅವರಿಗೆ ಎಚ್ಚರವಾಯಿತು.

"ಅರ್ಜಿ ಜೊತೆ ನನ್ನ ಪತ್ರ ಬೇಕಂತೆ. ನೀವೇ ಬರ್ಕೊಡಿ, ನಾನು ಸಹಿ ಹಾಕ್ತೀನಿ. ನಿಮ್ಮ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಇಲ್ಲಿನ ಪದ್ಧತಿಯೇ ಇದು. ನನ್ನ ಹಾಡು ನಾನೇ ಹಾಡಿ, ಹಾಡಿದವರು ಅವರು ಅಂತ ಬರೆಯಬೇಕು. ಬರೆದೆ. ವಯಸ್ಸಾಗುತ್ತಾ ಕಾಲು ನಡುಗುವ ನೊಣಗಳ ಮೇಲೆ ನನ್ನ ಕೆಲಸ. ನೊಣ ಯಾಕೆ ನಡುಗುತ್ತದೆ ಎಂದು ತಿಳಿದರೆ ಮುದುಕರ ಕೈ ಯಾಕೆ ನಡುಗುತ್ತದೆ ಎಂಬುದರ ಹತ್ತಿರ ಹೋಗಬಹುದು. ನಾನೂರ ಹನ್ನೆರಡು ತಳಿ, ತಳಿಗೊಂದು ಗಾಜಿನ ಸೀಸೆ, ಸೀಸೆಗೊಂದು ಹತ್ತಿಯ ಬಿರಡೆ. ಇವನ್ನು ಮಂಜುಗಡ್ಡೆಯಲ್ಲಿಟ್ಟು ಮರೆಯುವಂತಿಲ್ಲ. ಹದಿನಾಲ್ಕು ದಿನಕ್ಕೊಮ್ಮೆ ಮನುಷ್ಯರ ಕೈಯೇ ಹಳೆ ಸೀಸೆಯಿಂದ ಹೊಸ ಆಹಾರದ ಸೀಸೆಗೆ ದಾಟಿಸಬೇಕು. ಇಲ್ಲವಾದರೆ ಹಳಸಿದ ಆಹಾರದಲ್ಲೇ ಅಂಟಿಕೊಂಡು ಸಾಯುತ್ತವೆ.

ಪತ್ರದ ಕೊನೆಯ ಸಾಲು: "ಈ ತಳಿಗಳನ್ನು ಉಳಿಸಬಲ್ಲವರು ಈ ವಿಭಾಗದಲ್ಲಿ ಇವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ."

ಸುಳ್ಳು. ಕೆಳಗಿನ ಮಹಡಿಯಲ್ಲಿ ನೊಣಗಳಿಗೆ ಆಹಾರ ಬೇಯಿಸುವ ಅಕ್ಕ ಇದ್ದಾಳೆ. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಕುದಿಸಿ ಸೀಸೆಗಳಿಗೆ ಸುರಿಯುವ ಕೆಲಸ, ಇಪ್ಪತ್ತಾರು ವರ್ಷದಿಂದ. ಈ ಊರಿನವಳೇ. ನಾನು ಬಂದ ಮೊದಲ ವಾರ ಸೀಸೆ ಕುಟ್ಟಿ ಕುಟ್ಟಿ ನೊಣಗಳನ್ನು ಕೊಲ್ಲುತ್ತಿದ್ದಾಗ, "ಮೆತ್ತಗೆ ತಂಗಿ, ಹಾಲು ಕುಡಿದ ಮಗುವಿನ ಬೆನ್ನು ತಟ್ಟಲ್ವಾ, ಹಂಗೆ" ಎಂದು ಕೈ ಹಿಡಿದು ಕಲಿಸಿದವಳು. ಆದರೆ ಅವಳಿಗೆ ಬರುತ್ತದೆ ಅಂತ ಬರೆದರೆ ನನ್ನ ಅರ್ಜಿ ಮಕಾಡೆ ಬೀಳುತ್ತದೆ. ನನ್ನ ಮಗಳು ಮೊದಲು.

ದೊಡ್ಡವರು ಓದದೆ ಸಹಿ ಹಾಕಿದರು.

ಮಾರ್ಚ್ 6, ಗುರುವಾರ

ನೋಟಿಸು ಹಾಕಿದರು. ಇದೊಂದು ಕಾನೂನು. ನನ್ನ ಅರ್ಜಿ ಹೋಗುವ ಮುಂಚೆ, ನಾನು ಕೆಲಸ ಮಾಡುವ ಜಾಗದಲ್ಲೇ, ಎಲ್ಲರಿಗೂ ಕಾಣುವಂತೆ, ಹತ್ತು ಕೆಲಸದ ದಿನ ತೂಗಬೇಕು: ಈ ಹುದ್ದೆಗೆ ವಿದೇಶಿಯೊಬ್ಬರನ್ನು ಇಟ್ಟುಕೊಳ್ಳಲಿದ್ದೇವೆ, ಆಕ್ಷೇಪಣೆ ಇದ್ದವರು ಈ ವಿಳಾಸಕ್ಕೆ ಬರೆಯಿರಿ. ಕಳ್ಳರ ಪಟ ಅಂಟಿಸಿದ ಹಾಗೆ. ಹೆಸರಿಲ್ಲ, ಆದರೆ ಇಡೀ ಕಟ್ಟಡದಲ್ಲಿ ನೊಣ ಕಾಯುವ ವಿದೇಶಿ ಎಷ್ಟು ಜನ?

ನೆಲಮಹಡಿಯ ಬೋರ್ಡು, ಮೆಟ್ಟಿಲ ಪಕ್ಕ. ಹತ್ತನೆಯ ದಿನ ಹತ್ತೊಂಬತ್ತನೇ ತಾರೀಕು. ಇಪ್ಪತ್ತಕ್ಕೆ ಅರ್ಜಿ ಹಾಕುತ್ತಾರಂತೆ. ಎಂಟು ದಿನ ಉಳಿಯುತ್ತದೆ. ಸಾಕು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದರ ಫೋಟೋ ತೆಗೆದಿಡುತ್ತೇನೆ, ತಾರೀಕು, ಗಂಟೆ ಸಮೇತ. ಕಣ್ಣಿಗೆ ಕಂಡದ್ದನ್ನೆಲ್ಲ ಬರೆದಿಡುವುದು ನಮ್ಮ ವಿಜ್ಞಾನಿ ಜಾತಿಯ ರೋಗ.

ಮಾರ್ಚ್ 10, ಸೋಮವಾರ

ನೋಟಿಸಿನ ಮೂಲೆಯಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: "ನಮ್ಮವರು ಸತ್ತಿದ್ದಾರಾ?" ಫೋಟೋ ತೆಗೆದೆ. ರಬ್ಬರಿನಲ್ಲಿ ಉಜ್ಜಿದೆ. ಇನ್ನೊಂದು ಫೋಟೋ ತೆಗೆದೆ.

ಬೆನ್ನ ಹಿಂದೆಯೇ ಉದ್ದಣ್ಣ ನಿಂತಿದ್ದ. ಸೇತುವೆಗಳ ಮೇಲೆ ಸಂಶೋಧನೆ ಮಾಡುವವನು, ನನ್ನ ಹಾಗೇ ಹೊರಗಿನಿಂದ ಬಂದವನು. ತಲೆ ಬಾಗಿಸದೆ ಯಾವ ಬಾಗಿಲನ್ನೂ ದಾಟಲಾರ.

"ನಿಮಗೂ ಬರೆದ್ರಾ? ನನ್ನದರ ಮೇಲೆ ಕತ್ತೆ ಚಿತ್ರ ಬಿಡಿಸಿದ್ರು. ಚೆನ್ನಾಗೇ ಇತ್ತು. ಬುಧವಾರ ಒಂದು ಮೀಟಿಂಗ್ ಇಟ್ಕೊಂಡಿದೀವಿ, ವೀಸಾ ಗೋಳಿನವರೆಲ್ಲ. ಬನ್ನಿ."

"ನನ್ನ ಫೈಲು ನಡೀತಾ ಇದೆ" ಅಂದೆ.

"ನಡೆಯೋ ಫೈಲು ಯಾವುದು ಮೇಡಂ, ನಾವು ಹೊತ್ಕೊಂಡು ಹೋಗ್ದೆ?"

ಬಾಯಿಬಡುಕ. ಮೀಟಿಂಗ್ ಮಾಡುತ್ತ ಕೂತರೆ ಸೀಸೆ ಯಾರು ದಾಟಿಸುತ್ತಾರೆ? ಅವರವರ ಕೆಲಸ ಅವರವರು ನೋಡಿಕೊಂಡರೆ ಯಾರಿಗೂ ಗೋಳಿರುವುದಿಲ್ಲ.

ಮಾರ್ಚ್ 13, ಗುರುವಾರ

 

ಇವತ್ತು ‘ಜಾಗತಿಕ ವಿದ್ವತ್ ಕೇಂದ್ರ’ದ ಉದ್ಘಾಟನೆ. ಟ್ರಸ್ಟಿಗಳು, ಹೂಗುಚ್ಛ, ಭಾಷಣ. ಬೆಳಿಗ್ಗೆ ಒಂಬತ್ತಕ್ಕೆ ಬೋರ್ಡಿನ ಮುಂದೆ ನಿಂತರೆ ನೋಟಿಸು ಇಲ್ಲ. ಬೋರ್ಡೇ ಇಲ್ಲ. ಅದರ ಮೇಲೆ ಬಾಗಿಲಗಲದ ಚಿತ್ರ, ಮರದ ಚೌಕಟ್ಟು ಹಾಕಿ ಮೊಳೆ ಹೊಡೆದಿದ್ದಾರೆ. ಮೇಲೆ ಬಂಗಾರದ ಅಕ್ಷರ: "ಲೋಕದ ಪ್ರತಿಭೆಗೆ ನಮ್ಮ ಮನೆಯ ಬಾಗಿಲು ತೆರೆದಿದೆ." ಕೆಳಗೆ ಬಿಳಿ ಕೋಟು ತೊಟ್ಟು, ಸೀಸೆ ಹಿಡಿದು, ಹಲ್ಲು ಕಿರಿಯುತ್ತಿರುವ ಹೆಂಗಸು.

ನಾನು.

ಕಳೆದ ವರ್ಷ "ಸುಮ್ನೆ ದಾಖಲೆಗೆ" ಅಂತ ತೆಗೆದ ಫೋಟೋ. ನನ್ನ ಹಲ್ಲಿನ ಹಿಂದೆ ನನ್ನ ನೋಟಿಸು ಉಸಿರು ಕಟ್ಟಿ ಬಿದ್ದಿದೆ! ನನ್ನನ್ನು ಮೆರೆಸಲು ನನ್ನ ಬದುಕಿನ ಮೇಲೇ ಮೊಳೆ ಹೊಡೆದಿದ್ದಾರೆ. ಕೀಳಲು ನೋಡಿದೆ. ಅಲುಗಲಿಲ್ಲ. ಹಿಂದಿನಿಂದ ಯಾರೋ "ಮೇಡಂ, ಚಿತ್ರದ ಪಕ್ಕ ನಿಂತ್ಕೊಳ್ಳಿ, ಒಂದು ಫೋಟೋ" ಅಂದರು.

ಮೇಲೆ ಹೋಗಿ ಮೇಲ್ ಬರೆದೆ. ಕಡತದಮ್ಮನಿಗೆ, ದೊಡ್ಡವರಿಗೆ, ಕಾನೂನು ವಿಭಾಗಕ್ಕೆ, ರಿಜಿಸ್ಟ್ರಾರರಿಗೆ. ಆರು ದಿನದ ಆರು ಫೋಟೋ, ತಾರೀಕು, ಗಂಟೆ ಸಮೇತ. "ಆರನೆಯ ದಿನ ನೋಟಿಸು ಕಾಣುತ್ತಿಲ್ಲ. ಇದಕ್ಕೆ ನೀವೇ ಹೊಣೆ." ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.

ಸೆಂಡ್ ಒತ್ತಿದೆ. ಏನು ಹಾಯಾಯಿತು!

ಮಾರ್ಚ್ 14, ಶುಕ್ರವಾರ

ಉತ್ತರವಿಲ್ಲ. ಹಲ್ಲು ಹಾಗೇ ಕಿರಿಯುತ್ತಿದೆ. ಇನ್ನೊಂದು ಮೇಲ್, ಇನ್ನೊಂದು ಫೋಟೋ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಅಕ್ಕ ಆಹಾರ ಕದಡುವ ಉಕ್ಕಿನ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಬಂದಳು. ಅದರ ಹಿಡಿಯನ್ನು ಚೌಕಟ್ಟಿನ ಹಿಂದೆ ತೂರಿಸಿ ಒಂದೇ ಸಲ ಮೀಟಿದಳು. ಮೊಳೆ ನಾಲ್ಕೂ ಹಾರಿದವು.

"ಯಾರಾದರೂ ಕೇಳಿದ್ರೆ ಏನ್ ಹೇಳ್ತೀಯ ಅಕ್ಕಾ?"

"ಬೋರ್ಡಿಗೆ ಸೆಕೆ ಆಗ್ತಿತ್ತು ಅಂತೀನಿ."

ನೋಟಿಸು ಹಾಗೇ ಇತ್ತು. ಸಂಜೆಯವರೆಗೆ ನಾನೂರ ಹನ್ನೆರಡು ಸೀಸೆ ದಾಟಿಸಿದೆ. ಸೀಸೆಗಳಲ್ಲಿ ಈ ಸಲ ಆಹಾರ ಜಾಸ್ತಿ ಇದೆಯಲ್ಲ ಅಂದೆ. ಅಕ್ಕ ಕೇಳಿಸದವಳ ಹಾಗೆ ಪಾತ್ರೆ ಉಜ್ಜಿದಳು.

ಮಾರ್ಚ್ 20, ಗುರುವಾರ

ಕಡತದಮ್ಮನ ಮೇಜು. ಅರ್ಜಿ ಸಿದ್ಧವಾಗಿ ಮುಂದೆಯೇ ಇತ್ತು. ಆಕೆ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

"ಆಗಲ್ಲ ಮೇಡಂ. ನೋಟಿಸು ಹತ್ತೂ ದಿನ ಎಲ್ಲರಿಗೂ ಕಾಣ್ತಿತ್ತು ಅಂತ ನಾನು ಪ್ರಮಾಣ ಮಾಡಿ ಸಹಿ ಹಾಕ್ಬೇಕು. ಎರಡು ದಿನ ಕಾಣ್ತಿರಲಿಲ್ಲ ಅಂತ ದಾಖಲೆ ಇದೆ."

"ಯಾರ ದಾಖಲೆ?"

"ನಿಮ್ದೇ. ಫೋಟೋ ಬೇರೆ. ಗಂಟೆ ಸಮೇತ."

"ಮುಚ್ಚಿದವರು ನೀವು!"

"ಮುಚ್ಚಿದ್ದು ತಪ್ಪೇ. ಆದ್ರೆ ನೀವು ಬರೀದೇ ಇದ್ದಿದ್ರೆ ಸಹಿ ಹಾಕಿಬಿಡ್ತಿದ್ವಿ. ಯಾರು ನೋಡ್ತಾರೆ? ಈಗ ಕಾನೂನು ವಿಭಾಗದವರು ಮೊದಲಿಂದ ಹತ್ತು ದಿನ ಹಾಕಿ ಅಂತಿದಾರೆ. ನಾಳೆಯಿಂದ ಎಣಿಸಿದ್ರೆ ಏಪ್ರಿಲ್ ಮೂರು."

ನನ್ನ ವೀಸಾ ಮುಗಿಯುವುದು ಮಾರ್ಚ್ ಇಪ್ಪತ್ತೆಂಟು.

ಕುರ್ಚಿಯಿಂದ ಎದ್ದೆ. ಆಮೇಲೆ ಏನಂದೆ ನೆನಪಿಲ್ಲ. ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡಿದ್ದು ನೆನಪಿದೆ. ಕಳ್ಳನ ಕೈಗೆ ಬೇಡಿಯಿಲ್ಲ, ಕಳ್ಳತನವಾಯಿತು ಎಂದು ಕೂಗಿದವಳ ಕೊರಳಿಗೆ ಹಗ್ಗ. ತಮಾಷೆಯೆಂದರೆ, ಇವರ ಸುಳ್ಳು ಸಹಿಗೆ ಅಡ್ಡ ಬಂದದ್ದು ನನ್ನ ನಿಜ. ವಿಜ್ಞಾನಿಯಂತೆ! ಒಂದು ಮೇಲ್‌ನ ಪರಿಣಾಮ ಏನು ಅಂತ ಲೆಕ್ಕ ಹಾಕಲು ಬಾರದವಳು ಎಂಥ ವಿಜ್ಞಾನಿ?

ಮಾರ್ಚ್ 21, ಶುಕ್ರವಾರ

ಇವರು ಬೈಯಲಿಲ್ಲ. "ಸೆಂಡ್ ಬಟನ್" ಅಂತ ಮೆಲ್ಲಗೆ ಹೇಳಿ ಪಾತ್ರೆ ತೊಳೆಯಲು ಹೋದರು. ಬೈದಿದ್ದರೆ ಒಳ್ಳೆಯದಿತ್ತು. "ಅಮ್ಮಾ, ಸ್ಕೂಲಲ್ಲಿ ಗಿಡ ನೆಟ್ಟಿದೀನಿ, ನೀರು ಯಾರು ಹಾಕ್ತಾರೆ?" ಎಂದು ಮಗಳು ಕೇಳಿದಳು. ಅವಳಿಗೆ ಯಾರು ಹೇಳಿದರೋ.

ಮಧ್ಯಾಹ್ನ ಕೆಳಗಿನ ಅಡುಗೆಕೋಣೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಪತ್ರದ ಆ ಕೊನೆಯ ಸಾಲನ್ನೂ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ.

ಅಕ್ಕ ಕದಡುವುದನ್ನು ನಿಲ್ಲಿಸಿದಳು. "ಯಾರಿಗೂ ಬರಲ್ಲ ಅಂತ ಬರೆದೆಯಾ?"

"ಹೂಂ."

"ನಿನ್ನ ಮುಖ ಹಾಕಿ ನಿನ್ನ ನೋಟಿಸು ಮುಚ್ಚಿದ್ರು ಅಂತ ಕೂಗಾಡ್ತಿದ್ದೆಯಲ್ಲ. ನೀನು ನಿನ್ನ ಪತ್ರ ಹಾಕಿ ನನ್ನನ್ನ ಮುಚ್ಚಿದೆ."

 ಒಲೆಯ ಮೇಲಿನದು ತಳ ಹಿಡಿಯುವ ವಾಸನೆ ಬಂತು. ಅಕ್ಕ ಮತ್ತೆ ಕದಡತೊಡಗಿದಳು. ಪಾತ್ರೆ ಕೆಳಗಿಳಿಸಿ, "ಮೀಟಿಂಗಿಗೆ ಜಾಗ ಸಿಗ್ತಿಲ್ವಂತೆ ಆ ಉದ್ದದವನಿಗೆ. ಇಲ್ಲೇ ಮಾಡ್ಕೊಳ್ಳಕ್ಕೆ ಹೇಳು. ಕೂರಕ್ಕೆ ಹಿಟ್ಟಿನ ಮೂಟೆ ಇವೆ" ಅಂದಳು.

ಮಾರ್ಚ್ 24, ಸೋಮವಾರ

ಇಪ್ಪತ್ಮೂರು ಜನ! ಒಂದೇ ವಿಶ್ವವಿದ್ಯಾಲಯದಲ್ಲಿ, ಒಂದೇ ವರ್ಷದಲ್ಲಿ. ನಾನೊಬ್ಬಳೇ ಅಂದುಕೊಂಡು ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆವು. ಒಬ್ಬಳ ನೋಟಿಸು ಬೀಗ ಹಾಕಿದ ಕಾರಿಡಾರಿನಲ್ಲಿದೆ. ಒಬ್ಬನದು ಫ್ರಿಜ್ಜಿನ ಹಿಂದೆ. ಉದ್ದಣ್ಣನದು ಗಂಡಸರ ಶೌಚಾಲಯದ ಬಾಗಿಲ ಒಳಗಡೆ. "ಎಲ್ಲರಿಗೂ ಕಾಣುವಂತೆ ಅಂದ್ರೆ ಅದೇ ಜಾಗ ಅಂತೆ, ದಿನಾ ಎಲ್ಲರೂ ಬರ್ತಾರೆ" ಅಂದ. ನಕ್ಕು ನಕ್ಕು ಅಕ್ಕ ಮೂಟೆಯಿಂದ ಜಾರಿದಳು.

ಫೋಟೋ ತೆಗೆಯುವುದು ಹೇಗೆ ಎಂದು ಹೇಳಿಕೊಟ್ಟೆ. ಪಕ್ಕದಲ್ಲಿ ಗಡಿಯಾರ ಕಾಣಬೇಕು, ಬಾಗಿಲ ನಂಬರು ಕಾಣಬೇಕು. ಸಂಜೆಯೊಳಗೆ ಇಪ್ಪತ್ಮೂರು ಬೋರ್ಡುಗಳ ಫೋಟೋ ಬಂದವು.

ಬೇಡಿಕೆ ಬರೆದೆವು. ನೋಟಿಸು ಮುಚ್ಚಿದ್ದು ತನ್ನ ತಪ್ಪು ಎಂದು ವಿಶ್ವವಿದ್ಯಾಲಯ ವೀಸಾ ಇಲಾಖೆಗೆ ಬರೆದು ಕಾಲಾವಕಾಶ ಕೇಳಬೇಕು. ನೋಟಿಸುಗಳೆಲ್ಲ ಬೆಳಕಿಗೆ ಬರಬೇಕು. ಇನ್ನು ಮುಂದೆ ಯಾರ ಕಡತವನ್ನೇ ಆಗಲಿ ಆರು ತಿಂಗಳ ಮುಂಚೆ ತೆರೆಯಬೇಕು. ನಮಗೆ ಭಿಕ್ಷೆ ಬೇಡ, ಬರೆದುಕೊಟ್ಟ ಮಾತು ಬೇಕು.

ಮಾರ್ಚ್ 26, ಬುಧವಾರ

ರಿಜಿಸ್ಟ್ರಾರರು ಕರೆದರು, ನನ್ನೊಬ್ಬಳನ್ನೇ. ಮೆತ್ತನೆಯ ಕುರ್ಚಿ. ಕಾನೂನು ವಿಭಾಗದವರೂ ಇದ್ದರು.

"ನೋಡಮ್ಮ, ನಿಮ್ಮದು ಅಸಾಧಾರಣ ಪ್ರತಿಭೆ. ಹತ್ತೂ ದಿನ ನೋಟಿಸು ಕಾಣ್ತಿತ್ತು, ಮೇಲ್ ತಪ್ಪು ತಿಳಿದು ಬರೆದದ್ದು ಅಂತ ಒಂದು ಸಾಲು ಬರ್ಕೊಡಿ. ಇವತ್ತು ಸಂಜೆಯೇ ನಿಮ್ಮ ಅರ್ಜಿ ಹೋಗುತ್ತೆ. ಆ ಬೇರೆ ಬೋರ್ಡುಗಳ ಫೋಟೋ ಇವೆಯಲ್ಲ, ಅವನ್ನ ಇಲ್ಲಿಗೇ ಬಿಡಿ. ಅವರ ವಿಷಯ ಆಮೇಲೆ ನೋಡೋಣ."

ಆಗಲ್ಲ ಅಂದೆ. ಮಗಳನ್ನು ಸ್ಕೂಲಿನಿಂದ ಕರೆತರುವ ಹೊತ್ತಾಗಿತ್ತು. ಎದ್ದು ಬಂದೆ. ದಾರಿಯಲ್ಲಿ ಬ್ರೆಡ್ ತರುವುದು ಮರೆತೆ.

ಮಾರ್ಚ್ 27, ಗುರುವಾರ

ಇವರಿಗೆ ಹೇಳಿದ್ದು ಇವತ್ತು. ಬ್ರೆಡ್ ವಿಷಯ ಹೇಳುವಾಗ ಜೊತೆಗೆ ಬಂತು.

"ಬಾಗಿಲು ತೆರೆದು ಕೊಟ್ರು, ನೀನು ಬೇಡ ಅಂದು ಬಂದೆ. ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

"ರೀ, ಅದು ಸುಳ್ಳು ಬರೆಯೋದು..."

"ಪತ್ರದಲ್ಲಿ ಬರೆದಾಗ ಸುಳ್ಳಾಗಿರಲಿಲ್ವಾ? ಹನ್ನೊಂದು ತಿಂಗಳು! ಮಗಳ ಸ್ಕೂಲಿನ ಫಾರ್ಮಿನಲ್ಲಿ ಅಪ್ಪನ ಕೆಲಸ ಅನ್ನೋ ಕಡೆ ಗೆರೆ ಎಳೀತೀನಿ ನಾನು. ಗೆರೆ!"

ಹದಿನಾರು ವರ್ಷದ ಸಂಸಾರದಲ್ಲಿ ಇವರ ದನಿ ಇಷ್ಟು ಏರಿದ್ದು ಕೇಳಿರಲಿಲ್ಲ.   ಕೇಳಬೇಕಿತ್ತು. ಕೇಳಿದ್ದರೂ ಸಹಿ ಹಾಕುತ್ತಿರಲಿಲ್ಲ. ಎರಡೂ ನಿಜ.

ಮಾರ್ಚ್ 28, ಶುಕ್ರವಾರ

ಬೀಗದ ಕೈ, ಗುರುತಿನ ಚೀಟಿ, ಬಿಳಿ ಕೋಟು ಒಪ್ಪಿಸಿದೆ.

ದೊಡ್ಡವರು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಸೋಮವಾರ ಹಿಂದಿನ ಬಾಗಿಲಿಂದ ಸುಮ್ನೆ ಬಂದು ಸೀಸೆ ದಾಟಿಸಿ ಹೋಗಿ. ಸೇವೆ ಅಂತ. ಯಾರಿಗೂ ಗೊತ್ತಾಗಲ್ಲ."

"ಸಿಕ್ಕಿಬಿದ್ದರೆ ನನ್ನನ್ನ ಈ ದೇಶಕ್ಕೆ ಮತ್ತೆ ಹತ್ತು ವರ್ಷ ಬಿಟ್ಕೊಳ್ಳಲ್ಲ ಸಾರ್."

"ನಿಮ್ಮ ನೊಣಗಳಲ್ವಾ ಅವು? ಕರುಳು ಚುರ್ ಅನ್ನಲ್ವಾ?"

ಅನ್ನುತ್ತದೆ. ಅದು ಗೊತ್ತಿದ್ದೇ ಅಲ್ಲವೇ ಈ ಜನ ಅಲ್ಲಿಗೇ ಕೈ ಹಾಕುವುದು?

"ನೀವೇ ದಾಟಿಸಿ ಸಾರ್" ಅಂದೆ. ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಸೀಸೆ ಹಿಡಿದು ಇಪ್ಪತ್ತು ವರ್ಷವಾದ ಕೈಗಳು.

ಮಾರ್ಚ್ 31, ಸೋಮವಾರ

ಪ್ರಯೋಗಾಲಯದೊಳಗೆ ಹೋಗುವಂತಿಲ್ಲ, ಹೊರಗಿನ ಕಲ್ಲುಬೆಂಚಿನ ಮೇಲೆ ಕೂರಲು ಯಾವ ವೀಸಾವೂ ಬೇಡ. ಹನ್ನೊಂದಕ್ಕೆ ಉದ್ದಣ್ಣ ಓಡಿ ಬಂದ. ಬಾಗಿಲಲ್ಲಿ ತಲೆ ಬಾಗಿಸುವುದನ್ನು ಮರೆತಿರಬೇಕು, ಹಣೆ ಉಜ್ಜಿಕೊಳ್ಳುತ್ತಲೇ ನಡೆದದ್ದು ಹೇಳಿದ.

ಬೆಳಿಗ್ಗೆ ದೊಡ್ಡವರು ಕೆಳಗಿನ ಅಡುಗೆಕೋಣೆಗೆ ಬಂದರಂತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

"ಸೀಸೆ ದಾಟಿಸೋದು ನಿನಗೆ ಬರುತ್ತಲ್ಲ? ಇವತ್ತೊಂದು ದಿನ ಮಾಡ್ಕೊಡಮ್ಮ."

ಅಕ್ಕ ಹುಟ್ಟನ್ನು ಪಾತ್ರೆಯ ಅಂಚಿಗೆ ಒರಗಿಸಿ, ಕೈ ಒರೆಸಿಕೊಂಡಳಂತೆ.

"ನನಗೆಲ್ಲಿ ಬರುತ್ತೆ ಸ್ವಾಮಿ? ಅವಳನ್ನ ಬಿಟ್ರೆ ಈ ವಿಭಾಗದಲ್ಲಿ ಯಾರಿಗೂ ಬರಲ್ಲ ಅಂತ ನೀವೇ ಸಹಿ ಹಾಕಿದೀರಂತಲ್ಲ. ದೊಡ್ಡವರ ಸಹಿ ಸುಳ್ಳು ಮಾಡಕ್ಕಾಗುತ್ತಾ?"

ಅರ್ಧ ಗಂಟೆಯಲ್ಲಿ ದೊಡ್ಡವರು ರಿಜಿಸ್ಟ್ರಾರರ ಕೋಣೆಯಲ್ಲಿ ಮೇಜು ಕುಟ್ಟುತ್ತಿದ್ದರಂತೆ. ನಮಗಾಗಿ ಒಂದು ದಿನವೂ ಕುಟ್ಟದ ಮೇಜು. ಕುಟ್ಟಲಿ. ಮಧ್ಯಾಹ್ನ ರಿಜಿಸ್ಟ್ರಾರರ ಕಚೇರಿಯಿಂದ ಉದ್ದಣ್ಣನಿಗೆ ಕರೆ ಬಂತು: ಬುಧವಾರ ಹತ್ತೂವರೆಗೆ ಮಾತುಕತೆ, ಕಾಲಾವಕಾಶ ಕೇಳುವ ಪತ್ರದ ಕರಡು ಸಿದ್ಧವಿದೆ, ಆ ಮೇಡಂ ಒಬ್ಬರೇ ಬರಲಿ. ಅಕ್ಕನೂ ಸೇರಿ ನಾವು ಇಪ್ಪತ್ನಾಲ್ಕು ಜನ ಬರುತ್ತೇವೆ ಅಂದೆವು. ಐದು ಜನ ಬನ್ನಿ ಅಂದರು. ಇಪ್ಪತ್ನಾಲ್ಕು ಅಂದೆವು. ಕುರ್ಚಿ ಇಲ್ಲ ಅಂದರು. ನಿಂತುಕೊಳ್ಳುತ್ತೇವೆ ಅಂದೆವು.

ಊಟದ ಹೊತ್ತಿಗೆ ಅಕ್ಕ ಬೆಂಚಿನ ಹತ್ತಿರ ಬಂದಳು. ನಾನು ಕೇಳುವ ಮುಂಚೆಯೇ ಹೇಳಿದಳು: "ಸಾಯಲ್ಲ ಬಿಡು. ಅವತ್ತು ಒಂದು ಬೆರಳು ಜಾಸ್ತಿ ಸುರಿದಿದ್ದೆ. ಶನಿವಾರದವರೆಗೂ ತಡೀತವೆ."

"ಅವತ್ತೇ ಗೊತ್ತಿತ್ತಾ ನಿನಗೆ?"

"ಈ ಕಟ್ಟಡ ನನಗೆ ಗೊತ್ತು ತಂಗಿ."

ಮನೆಗೆ ಬಂದು ನಮ್ಮ ಸಭೆಯ ನೋಟಿಸು ಬರೆಯಲು ಕೂತೆ. ಎರಡು ಹಾಳೆ ಕೆಟ್ಟವು. ನಾಲ್ಕು ದಿನದಿಂದ ಬೇಕಾದಷ್ಟೇ ಮಾತಾಡುತ್ತಿದ್ದ ಇವರು ಹಿಂದೆ ನಿಂತು ನೋಡಿ, "ನಿನ್ನ ಅಕ್ಷರಾನೋ, ನೊಣ ಶಾಯಿಯಲ್ಲಿ ಬಿದ್ದು ನಡೆದಿದೆಯೋ?" ಎಂದು ಪೆನ್ನು ಕಿತ್ತುಕೊಂಡರು.

"ರೀ, ನೀವು ಕೆಲಸ ಮಾಡೋ ಹಾಗಿಲ್ಲ."

"ಸಂಬಳ ಕೊಡ್ತೀಯಾ? ಇಲ್ವಲ್ಲ. ಹೇಳು, ಎಲ್ಲಿ, ಎಷ್ಟು ಗಂಟೆ?"

ಕರಿಹಲಗೆಯ ಅಕ್ಷರ, ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪ. ಬರೆದು ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ತಾವೇ ಹೋಗಿ ಬೋರ್ಡಿಗೆ ಚುಚ್ಚಿ ಬಂದರು. ಜೊತೆಗೆ ಹೋದ ಮಗಳು ಫೋಟೋ ತೆಗೆದಳು. ಪಕ್ಕದಲ್ಲಿ ಗಡಿಯಾರ ಕಾಣುತ್ತಿದೆ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ನೆಲಮಹಡಿ, ಬೋರ್ಡಿನ ಮುಂದೆ. ಎಲ್ಲರೂ.